ತೋಪಿನಲ್ಲಿ ಬಿದ್ದವನು

ಕರಾವಳಿಯ ಆ ಕೋಟೆ ಈಗ ಮ್ಯೂಸಿಯಂ. ಮೆಣಸಿನ ಆಸೆಗೆ ಹಡಗಿನಲ್ಲಿ ಬಂದವರು ಕಟ್ಟಿಸಿದರು, ಇನ್ಯಾರೋ ಕಿತ್ತುಕೊಂಡರು. ಆಮೇಲೆ ಸೆರೆಮನೆಯಾಯಿತು, ಕಚೇರಿಯಾಯಿತು. ಏಳು ವರ್ಷದವನಿದ್ದಾಗ ನಾನು ಅಪ್ಪ, ಅಕ್ಕನ ಜೊತೆ ಹೋಗಿದ್ದೆ; ಆಗ ಅದು ಸರ್ಕಾರಿ ಉಗ್ರಾಣವಾಗಿತ್ತು.

ಈಚೆಗೆ ಮ್ಯೂಸಿಯಂನವರು ಹಳಬರ ನೆನಪುಗಳನ್ನು ಬರೆದು ಕಳಿಸಲು ಕೇಳಿದರು. ಚೆನ್ನಾಗಿದ್ದರೆ ಗೋಡೆಗೆ ಹಾಕುತ್ತಾರಂತೆ. ಇತಿಹಾಸದ ಎಂ.ಎ. ಮಾಡಿ, ಕಲ್ಲಿನ ಶಾಸನವನ್ನೂ ಅನುಮಾನಿಸುವವನು ನಾನು. ಗೋಡೆ ಎಂದೊಡನೆ ಅನುಮಾನವೆಲ್ಲ ಬಿಟ್ಟು ಬರೆದೆ: ‘ಬುರುಜಿನ ತೋಪಿನ ಮೇಲೆ ಸವಾರಿ ಮಾಡುತ್ತಿದ್ದೆ. ಬಿದ್ದೆ. ಗಲ್ಲಕ್ಕೆ ಮೂರು ಹೊಲಿಗೆ.’ ಹೆಣ್ಣು ನೋಡಲು ಹೋದಾಗಲೂ ಈ ಗುರುತು ತೋರಿಸಿ ಇದೇ ಕಥೆ ಹೇಳಿದ್ದೆ.

ಕಳಿಸುವ ಮುನ್ನ ಬನಶಂಕರಿಯಲ್ಲಿರುವ ಅಕ್ಕನ ಮನೆಗೆ ಹೋಗಿ ಓದಿ ಹೇಳಿದೆ. ಹುರುಳಿಕಾಯಿ ನಾರು ತೆಗೆಯುತ್ತಿದ್ದವಳು ಕೈ ನಿಲ್ಲಿಸಿದಳು.

“ಯಾವ ತೋಪೋ?”

“ಫಿರಂಗಿ ಕಣೇ.”

“ಬಿದ್ದಿದ್ದು ತೋಪಲ್ಲೇ, ನಿಜ. ಇಲ್ಲೇ ಜರಗನಹಳ್ಳಿ ಮಾವಿನ ತೋಪಲ್ಲಿ! ಕಾಯಿ ಕದಿಯೋಕೆ ಮರ ಹತ್ತಿದ್ದೆ ನೀನು. ಅಮ್ಮ ಎಲ್ಲರ ಹತ್ರ ‘ತೋಪಲ್ಲಿ ಬಿದ್ದ’ ಅಂತಿದ್ರು. ನೀನು ಅದಕ್ಕೆ ಮದ್ದುಗುಂಡು ತುಂಬ್ಕೊಂಡೆ.”

“ಆಧಾರ?”

“ಕೆಳಗೆ ಲಂಗ ಒಡ್ಡಿ ನಿಂತಿದ್ದೋಳು ನಾನೇ ಕಣೋ.”

ಸೋಲೊಪ್ಪದೆ ಅಲ್ಲಿಂದಲೇ ಮ್ಯೂಸಿಯಂಗೆ ಫೋನ್ ಮಾಡಿದೆ. ಅಲ್ಲಿನವರು ಹೇಳಿದರು: “ಫಿರಂಗಿ ಉಂಟು ಮಾರಾಯ್ರೇ. ಆದ್ರೆ ಅದು ಸಿಕ್ಕಿದ್ದು ಮ್ಯೂಸಿಯಂ ಮಾಡುವಾಗ, ಮಣ್ಣು ಅಗೆದು. ಅಲ್ಲಿವರೆಗೆ ಯಾರೂ ಕಂಡದ್ದಿಲ್ಲ.”

ಅಕ್ಕನ ಮಗಳು ಒಳಗಿನಿಂದಲೇ ಕೂಗಿದಳು: “ಮಾಮಾ, ನಿಮ್ ಸ್ಟೋರಿ ಫುಲ್ ತೋಪು!” ಓಡದ ಸಿನಿಮಾಕ್ಕೆ ಈಗಿನವರು ಹಾಗೆನ್ನುತ್ತಾರೆ.

“ಹಾಗಾದ್ರೆ ಕೋಟೇಲಿ ನಾನೇನ್ ಮಾಡ್ದೆ?” ಎಂದೆ. ಗೋಡೆಯ ಆಸೆ ಇನ್ನೂ ಹೋಗಿರಲಿಲ್ಲ.

“ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ದೇವಸ್ಥಾನ ಅಂದ್ಕೊಂಡಿದ್ದೆ. ಒಳಗೆ ಕಲ್ಲು ಕಾದಿತ್ತು. ಕುಣಿದೆ, ಅತ್ತುಬಿಟ್ಟೆ. ಆಮೇಲೆ ಅಪ್ಪ ಇಡೀ ಕೋಟೇನ ನಿನ್ನ ಹೊತ್ಕೊಂಡೇ ತೋರಿಸಿದ್ರು. ‘ದೇವರೆಲ್ಲಿ, ದೇವರೆಲ್ಲಿ’ ಅಂತ ಅವರ ತಲೆ ತಿಂದಿದ್ದೆ.”

ಇದರಲ್ಲಿ ಒಂದಕ್ಷರವೂ ನನಗೆ ನೆನಪಿಲ್ಲ. ಇತಿಹಾಸದ ಶಿಸ್ತಿನ ಪ್ರಕಾರ ತಳ್ಳಿಹಾಕಬೇಕಿತ್ತು. ಆದರೂ ನನ್ನ ಹಾಳೆ ಹರಿದು, ಅವಳು ಹೇಳಿದ್ದನ್ನೇ ‘ಅಕ್ಕ ಹೇಳಿದಂತೆ’ ಎಂದು ಶುರುಮಾಡಿ ಕಳಿಸಿದೆ.

ನಿನ್ನೆ ಉತ್ತರ ಬಂತು. ಗೋಡೆಗೆ ಹಾಕುತ್ತಾರಂತೆ. ಕೆಳಗೆ ಯಾರ ಹೆಸರಿರಲಿ, ನಿಮ್ಮದೋ ನಿಮ್ಮಕ್ಕನದೋ ಎಂದು ಕೇಳಿದ್ದಾರೆ.

ಅಕ್ಕನಿಗೆ ಇನ್ನೂ ಹೇಳಿಲ್ಲ.