ಗೊಟ್‌ಲೋಬ್ ನೆಟ್ಟಗೆ ಮಾಡಿದ ಬಾಲ

ಶ್ವಾಬಿಯಾ ಸೀಮೆಯ ಟೆಕ್ ಗುಡ್ಡದ ಕೆಳಗಿನ ನಮ್ಮ ಊರಿನಲ್ಲಿ ಗೊಟ್‌ಲೋಬ್ ಷೆಂಕನಂಥ ಒಪ್ಪ ಓರಣದ ಪ್ರಾಣಿ ಇನ್ನೊಂದಿರಲಿಲ್ಲ; ಇರದಿದ್ದದ್ದೇ ಪುಣ್ಯ. ಶನಿವಾರ ಬಂತೆಂದರೆ ಮೆಟ್ಟಿಲು, ಬೀದಿ ಗುಡಿಸುವುದು ನಮ್ಮವರೆಲ್ಲ ಮಾಡುವ ಕೆಲಸವೇ. ಇವನು ಮಾತ್ರ ತನ್ನ ಬಾಗಿಲು ಗುಡಿಸಿ, ಪಕ್ಕದವರ ಬಾಗಿಲ ತನಕ ನಡೆದುಹೋಗಿ, ಮೂಗು ಮುರಿದು ಬರುತ್ತಿದ್ದ. ಊಟದ ಬೇಳೆಯಲ್ಲಿ ಹೊಟ್ಟು ಸಿಕ್ಕರೆ ತಟ್ಟೆಯ ಅಂಚಿನಲ್ಲಿ ಸಾಲಾಗಿ ಜೋಡಿಸಿಡುತ್ತಿದ್ದ. ಆ ಸಾಲು ನೋಡಿ ನೋಡಿ ಹೆಂಡತಿ ರೋಸೀನೆಗೆ ಜೀವ ಸಾಕಾಗಿತ್ತು.

ಗಂಡ ಹೆಂಡತಿ ಇಬ್ಬರದೂ ಒಂದೇ ಕಾರ್ಖಾನೆ. ಅಲ್ಲಿ ಎಂಜಿನ್ ಇಲ್ಲದೆ ತೇಲುವ ಮರದ ವಿಮಾನಗಳನ್ನು ಮಾಡುತ್ತಿದ್ದರು. ಅವನು ಬಡಗಿ, ಅವಳು ರೆಕ್ಕೆಗೆ ಬಟ್ಟೆ ಹೊಲಿಯುವವಳು.

ಯುದ್ಧ ಜೋರಾದಾಗ ಬರ್ಲಿನ್ನಿನ ದೊಡ್ಡ ತಲೆಗಳಿಗೆ ಹಾರುವ ದೋಣಿಯ ಹುಚ್ಚು ಹತ್ತಿತು. ನೀರಿನ ಮೇಲಿಂದ ಎದ್ದು, ಎಂಟು ಎಂಜಿನ್ ಹೊತ್ತು, ಸಾಗರ ದಾಟುವ ದೋಣಿ! ಊರಿಗೆ ನಾಲ್ಕು ಕಾಫಿ ಬೀಜ ಕೊಡುವ ಯೋಗ್ಯತೆಯಿಲ್ಲದೆ ಹುರಿದ ಬಾರ್ಲಿಯ ಕಷಾಯ ಕುಡಿಸುತ್ತಿದ್ದವರು ಸಾಗರ ದಾಟುತ್ತಾರಂತೆ. ದೊಡ್ಡದನ್ನು ಕಟ್ಟುವ ಮೊದಲು ಅದರ ಐದನೇ ಒಂದರಷ್ಟು ಅಳತೆಯ ಮರದ ಮರಿ ಮಾಡಬೇಕು, ಒಳಗೊಬ್ಬನನ್ನು ಕೂರಿಸಿ ಇನ್ನೊಂದು ವಿಮಾನದ ಹಿಂದೆ ಹಗ್ಗ ಕಟ್ಟಿ ಮೇಲಕ್ಕೆಳೆದು ಬಿಡಬೇಕು. ಅದು ತೇಲಿ ಇಳಿಯುವ ರೀತಿಯಲ್ಲಿ ದೊಡ್ಡದರ ಗುಣದೋಷ ತಿಳಿಯುತ್ತದೆ. ಆ ಮರಿಯ ಕೆಲಸ ನಮ್ಮವರಿಗೆ ಬಂತು. ಕೆಲಸ ಮುಗಿಯುವ ತನಕ ಬಡಗಿಗಳನ್ನು ರಷ್ಯಾದ ರಣರಂಗಕ್ಕೆ ಕಳಿಸುವಂತಿಲ್ಲ ಎಂಬ ಅಪ್ಪಣೆಯೂ ಬಂತು.

ಇನ್ನೇನು ಬೇಕು? ಹಿರಿಯ ಬಡಗಿ ಫ್ರೀಡರ್ ಯಾರಿಗೂ ಏನೂ ಹೇಳಲಿಲ್ಲ. ಕಣ್ಣು ಮಿಟುಕಿಸಿದ, ಅಷ್ಟೇ. ಅಂದಿನಿಂದ ಆ ಮರಿಯ ಬಾಲ ನೆಟ್ಟಗಾಗಲಿಲ್ಲ. ಇಂದು ಕೂಡಿಸಿದ್ದನ್ನು ನಾಳೆ ಬಿಚ್ಚುವರು. ಜುಲೈನ ರಣಬಿಸಿಲಿನಲ್ಲೂ, "ಅಂಟು ಒಣಗಿಲ್ಲ ಸ್ವಾಮಿ," ಎಂದು ಫ್ರೀಡರ್ ತಲೆ ಕೆರೆದುಕೊಳ್ಳುವನು. ಗೊಟ್‌ಲೋಬ್ ಆ ಸೊಟ್ಟ ಬಾಲ ನೋಡಲಾರದೆ ಗೋಡೆಗೆ ಮುಖ ಮಾಡಿ ಕೆಲಸ ಮಾಡುತ್ತಿದ್ದ. ಆದರೂ ಬಾಯಿ ಮುಚ್ಚಿಕೊಂಡಿದ್ದ.

ಒಂದು ದಿನ ತಪಾಸಣೆಗೆಂದು ಒಬ್ಬ ಬಂದ. ಬರ್ಲಿನ್ ಕಡೆಯ ಪ್ರಷ್ಯದವನು, ಮಿರಮಿರ ಮಿಂಚುವ ಬೂಟಿನವನು. ಬಾಲದ ಮೇಲೆ ಬೆರಳಾಡಿಸಿ, "ಥೂ! ಶ್ವಾಬಿಯಾದವರು ಅಚ್ಚುಕಟ್ಟು ಅಂತಾರಲ್ಲ, ಇದೇನಾ? ನಮ್ಮ ಕಡೆ ಹಂದಿಗೂಡಿಗೂ ಇಂಥ ಕೆಲಸ ಒಪ್ಪಲ್ಲ," ಎಂದ.

ನಮ್ಮ ಸೀಮೆಯವನನ್ನು ಕಳ್ಳ ಎನ್ನಿ, ಸಹಿಸಿಯಾನು. ಕೊಳಕು ಕೆಲಸದವನು ಎಂದರೆ ಮುಗಿಯಿತು. ಅದೂ ನಮಗೆ ಎಂದೂ ಆಗದ ಪ್ರಷ್ಯದವನ ಬಾಯಿಂದ! ಫ್ರೀಡರ್ ನುಂಗಿಕೊಂಡ. ಗೊಟ್‌ಲೋಬ್ ನುಂಗಲಿಲ್ಲ.

"ಶನಿವಾರ ಬನ್ನಿ ಸ್ವಾಮಿ. ಎಲ್ಲಿ ಬೇಕಾದ್ರೂ ಬೆರಳಿಡಿ. ಕೂದಲೆಳೆಯಷ್ಟು ಸೊಟ್ಟ ಇದ್ರೆ ನನ್ನ ಹೆಸರು ಷೆಂಕ್ ಅಲ್ಲ!"

ಮನೆಯಲ್ಲಿ ರೋಸೀನೆ ಸೌಟು ಹಿಡಿದು ನಿಂತಳು. "ಬುದ್ಧಿ ಲದ್ದಿ ತಿಂತಾ ನಿಂದು? ಅದು ಮುಗಿದ್ರೆ ನಿನ್ನ ಕಥೇನೂ ಮುಗೀತು ಕಣೋ!"

"ಹಂದಿಗೂಡು ಅಂದ ಕಣೇ ಅವನು."

"ಅಂದ್ರೆ ಅಂದ! ಮೈಗೇನು ಗುಂಡು ಹೊಡೀತಾ? ರಷ್ಯಾದಲ್ಲಿ ಹೊಡೀತಾರೆ, ಹೋಗು!"

ಅವನು ಉಗುರಿನ ಸಂದಿಯ ಅಂಟು ಕೆರೆಯುತ್ತ ಕುಳಿತ. ಮರುದಿನ ಅವಳು ರೆಕ್ಕೆಯ ಬಟ್ಟೆಯಲ್ಲಿ ಬೇಕೆಂದೇ ಒಂದು ಗೇಣು ಹೊಲಿಗೆ ಬಿಟ್ಟಳು. ಆ ಮಹಾನುಭಾವ ಅದನ್ನೂ ಹುಡುಕಿ ಹಿಡಿದು, ಸೂಜಿ ತೆಗೆದುಕೊಂಡು, ಅವಳ ಎದುರಿಗೇ ಕುಳಿತು ತಾನೇ ಹೊಲಿದ. ಕೈಹಿಡಿದವನ ಕತ್ತು ಹಿಸುಕಬೇಕು ಎಂದು ಅವಳಿಗೆ ಅನ್ನಿಸಿದ್ದು ಆಗಲೇ. ಶನಿವಾರದ ಹೊತ್ತಿಗೆ ಅವನು ಬಾಲವನ್ನೂ ನೆಟ್ಟಗೆ ಮಾಡಿ ಮುಗಿಸಿದ್ದ; ಪ್ರಷ್ಯದವನ ಬೆರಳಿಗೆ ಎಲ್ಲೂ ಸೊಟ್ಟ ಸಿಗಲಿಲ್ಲ.

ಪರೀಕ್ಷೆಯ ದಿನ ಹಗ್ಗ ಬಿಟ್ಟ ಮರಿ ಅತ್ತಿತ್ತ ಅಲುಗಲಿಲ್ಲ. ಕೆರೆಗೆ ಬಾತುಕೋಳಿ ಇಳಿದಂತೆ ಇಳಿಯಿತು. ಹಾರಿಸಿದವನು ಹೊರಗೆ ಬಂದು, "ತಿದ್ದೋಕೆ ಏನೂ ಇಲ್ಲ. ಒಂದೇ ಒಂದು ತಪ್ಪೂ ಇಲ್ಲ!" ಎಂದು ಕೂಗಿದ. ಬಡಗಿಗಳೆಲ್ಲ ಹರಳೆಣ್ಣೆ ಕುಡಿದವರಂತೆ ಮುಖ ಮಾಡಿದರು. ಗೊಟ್‌ಲೋಬ್ ಒಬ್ಬನೇ ಎದೆಯುಬ್ಬಿಸಿ ನಿಂತಿದ್ದ, ಮುಠ್ಠಾಳ.

ತಿದ್ದುವುದೇ ಇಲ್ಲವೆಂದ ಮೇಲೆ ಬಡಗಿಗಳೇಕೆ? ತಿಂಗಳೊಳಗೆ, ವಯಸ್ಸು ಮೀರಿದ್ದ ಫ್ರೀಡರ್ ಒಬ್ಬನನ್ನು ಬಿಟ್ಟು ಎಲ್ಲರಿಗೂ ಸೈನ್ಯದ ಕರೆ ಬಂತು. ಇನ್ನೂ ಚೆಂದದ ಸಂಗತಿ ಕೇಳಿ: ಆ ದೊಡ್ಡ ದೋಣಿಯನ್ನು ಬರ್ಲಿನ್ನಿನವರು ಕೊನೆಗೂ ಕಟ್ಟಲಿಲ್ಲ. ಬೇಡವೆಂದು ಕೈಬಿಟ್ಟರಂತೆ.

ರೈಲು ನಿಲ್ದಾಣದಲ್ಲಿ ಉಳಿದ ಹೆಂಗಸರು ರೋಸೀನೆಗೆ ಬೆನ್ನು ಹಾಕಿ ನಿಂತರು. ಒಬ್ಬಳಂತೂ ಅವಳ ಕಾಲ ಬಳಿ ಉಗಿದಳು. ಅವರ ಜಾಗದಲ್ಲಿದ್ದರೆ ರೋಸೀನೆಯೂ ಉಗಿಯುತ್ತಿದ್ದಳು. ಗೊಟ್‌ಲೋಬ್ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ರೋಸೀನೆ, ಚೆನ್ನಾಗಿ ಇಳೀತು ಅಲ್ವಾ?"

ವಾರಗಟ್ಟಲೆ ಕೂಡಿಟ್ಟ ಬೈಗುಳವೆಲ್ಲ ಅವಳ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನು ಕಿಟಕಿಯ ಅಂಚಿನ ಮಸಿಯನ್ನು ತೋಳಿನಿಂದ ಒರೆಸಿ, ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸುತ್ತಿರುವುದು ಕಂಡಿತು.

"ಚೆನ್ನಾಗೇ ಇಳೀತು, ಮುಂಡೇದೇ. ನೀನು ವಾಪಸ್ ಬಾ, ನಿನಗೆ ಮಾಡ್ತೀನಿ," ಎಂದಳು.

ಅವನು ಬರಲಿಲ್ಲ. ಯುದ್ಧ ಮುಗಿದು ಎಷ್ಟೋ ವರ್ಷ ಅವಳು ಒಲೆಯ ಮುಂದೆ ನಿಂತು ಅವನನ್ನು ಬೈಯುತ್ತಲೇ ಇದ್ದಳು. ಎದುರಿಗೆ ಕುಳಿತು ಬೈಸಿಕೊಳ್ಳಲಿಕ್ಕಾದರೂ ಅವನು ಬರಬೇಕಿತ್ತು.