ಕಡ್ಡಿಯ ಜೇಬಿನಲ್ಲಿ ಅಮ್ಮನ ಹಲ್ಲು

ಸೈಕಲ್ ತಂಡದ ಮಾಲೀಸಿನವನಿಗೆ ಕಾಲುಗಳ ಗುರುತಿದ್ದಷ್ಟು ಮುಖಗಳ ಗುರುತಿರಲಿಲ್ಲ. ಇಪ್ಪತ್ತಾರು ವರ್ಷ ಸವಾರರ ತೊಡೆ, ಮೀನಖಂಡ ತಿಕ್ಕಿದವನು. ಬೀದಿಯಲ್ಲಿ ಹಳೆಯ ಸವಾರನೊಬ್ಬ ಎದುರಾದರೆ ಮೊದಲು ಅವನ ಮೊಣಕಾಲು ನೋಡಿ, ಆಮೇಲೆ "ಓಹೋ, ನೀನಾ" ಎನ್ನುತ್ತಿದ್ದ. ಮಾಲೀಸು ಅವನ ಕೆಲಸದಲ್ಲಿ ಅರ್ಧ ಮಾತ್ರ. ಇಪ್ಪತ್ತೊಂದು ದಿನ ಊರಿಂದೂರಿಗೆ ಸಾಗುವ ದೊಡ್ಡ ಪಂದ್ಯದಲ್ಲಿ ಬೆವರಿನ ಅಂಗಿ ಒಗೆಯುವುದು, ಬಾಟಲಿ ತುಂಬುವುದು, ದಾರಿಯ ನಡುವೆ ನಿಂತು ಊಟದ ಚೀಲ ಕೊಡುವುದು, ಎಲ್ಲವೂ ಅವನ ತಲೆಯ ಮೇಲೆ. ಸವಾರರು ಅವನನ್ನು ಮಾಮ ಎನ್ನುತ್ತಿದ್ದರು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು, ಒಬ್ಬರೇ ಸಾಕಾಗುವಷ್ಟಿದ್ದರು.

ಚೀಲ ಕೊಡುವುದು ನೋಡಿದಷ್ಟು ಸುಲಭವಲ್ಲ. ಸವಾರ ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಬರುತ್ತಾನೆ. ಉದ್ದ ಹಿಡಿಯ ಬಟ್ಟೆಚೀಲವನ್ನು ತೋಳು ಚಾಚಿ ಹಿಡಿದಿರಬೇಕು. ಅವನು ಅದನ್ನು ಕಿತ್ತುಕೊಂಡು ಕೊರಳಿಗೆ ಹಾಕಿ, ಒಳಗಿದ್ದದ್ದನ್ನೆಲ್ಲ ಬೆನ್ನಿನ ಜೇಬುಗಳಿಗೆ ತುರುಕಿ, ಖಾಲಿ ಚೀಲವನ್ನು ರಸ್ತೆಬದಿಗೆ ಎಸೆಯುತ್ತಾನೆ. ಜನ ಅದಕ್ಕೆ ಮುಗಿಬೀಳುತ್ತಾರೆ. ಮಾಮನ ಮನೆಯಲ್ಲಿ ಮಾತ್ರ ಆ ಚೀಲಕ್ಕೆ ಕಿಮ್ಮತ್ತಿರಲಿಲ್ಲ. ತರಕಾರಿಗೆ ಒಂದು, ಬಟ್ಟೆ ಕ್ಲಿಪ್ಪಿಗೆ ಒಂದು, ಅಮ್ಮನ ಮಾತ್ರೆಗೆ ಒಂದು. ಮಾಮ ಹೆಗಲಿಗೆ ಹಾಕಿಕೊಂಡು ತಿರುಗುತ್ತಿದ್ದುದೂ ಅಂಥದೇ ಒಂದನ್ನು.

ಆ ವರ್ಷ ಹದಿನಾಲ್ಕನೆಯ ದಿನದ ಓಟ ಅವನ ಊರಲ್ಲೇ ಮುಗಿಯುವುದೆಂದಾಯಿತು. ಗೆದ್ದವನಿಗೆ ಹೂಗುಚ್ಛ ಕೊಡಲು ನಗರಸಭೆಯವರು ಅಮ್ಮನನ್ನೇ ಕರೆದರು. ಅವರು ಮೂವತ್ತೆಂಟು ವರ್ಷ ಟೀಚರಾಗಿದ್ದವರು. ನಗರಸಭೆಯ ಅಧ್ಯಕ್ಷನಿಂದ ಹಿಡಿದು ಬ್ಯಾಂಡ್ ಬಾರಿಸುವವನ ತನಕ ಎಲ್ಲರೂ ಅವರಿಂದ ಕಿವಿ ಹಿಂಡಿಸಿಕೊಂಡವರೇ. ಅದೇ ವಾರ ಅವರ ಕಟ್ಟುಹಲ್ಲಿನ ಸೆಟ್ಟು ಬಿರುಕು ಬಿಟ್ಟಿತು. ಹಲ್ಲಿಲ್ಲದೆ ಅವರು ಯಾರೆದುರಿಗೂ ಬಾಯಿ ತೆರೆಯುವವರಲ್ಲ. ಮಗನಿಗೆ ಪೂರ್ಣವಿರಾಮ ಸಮೇತ ಮೆಸೇಜು ಬಂತು: "ಸೆಟ್ಟು ಪಕ್ಕದ ಊರಿಗೆ ರಿಪೇರಿಗೆ ಹೋಗಿದೆ. ನಿನ್ನ ದಾರಿಯಲ್ಲೇ ಇದೆ. ತೆಗೆದುಕೊಂಡು ಬಾ. ಮರೆತರೆ ಮನೆಗೆ ಬರಬೇಡ."

ಮಾಮ ಮರೆಯಲಿಲ್ಲ. ಬೆಳಿಗ್ಗೆಯೇ ಹೋಗಿ ತಂದ. ಒಣಗಬಾರದೆಂದು ರಿಪೇರಿಯವನು ಸೆಟ್ಟನ್ನು ಒದ್ದೆ ಹತ್ತಿಯಲ್ಲಿ ಸುತ್ತಿ, ಮೇಲೆ ಬೆಳ್ಳಿಕಾಗದ ಮಡಚಿ ಕೊಟ್ಟಿದ್ದ. ಮಾಮ ಅದನ್ನು ತನ್ನ ಹೆಗಲ ಚೀಲಕ್ಕೆ ಹಾಕಿಕೊಂಡ. ಸವಾರರಿಗೆ ಮಾಮ ಕಟ್ಟುವ ಸಿಹಿ ಅನ್ನದ ತುಂಡುಗಳಿಗೂ ಅದೇ ಬೆಳ್ಳಿಕಾಗದ.

ಮಧ್ಯಾಹ್ನ ಚೀಲ ಕೊಡುವ ಜಾಗದಲ್ಲಿ ತಂಡದ ಎಂಟು ಜನ ಸವಾರರು ಸುಯ್ಯನೆ ಹಾದುಹೋದರು, ಎಂಟು ಚೀಲಗಳೂ ಹೋದವು. ತೋಳಿನಲ್ಲಿ ಉಳಿದದ್ದನ್ನು ತನ್ನದೆಂದುಕೊಂಡು ಮಾಮ ಕೈಹಾಕಿದರೆ, ಒಳಗೆ ನಾಲ್ಕು ಅನ್ನದ ತುಂಡು! ಕೊನೆಯ ಚೀಲ ಕಿತ್ತುಕೊಂಡವನು ಕಡ್ಡಿ ಎಂಬ ಅಡ್ಡಹೆಸರಿನವನು. ಬೆಟ್ಟ ಹತ್ತುವುದರಲ್ಲಿ ಗಟ್ಟಿಗ, ಮೈಯಲ್ಲಿ ಹಿಡಿ ಮಾಂಸವಿಲ್ಲ, ಗಂಟೆಗೊಮ್ಮೆ ತಿನ್ನದಿದ್ದರೆ ಕಣ್ಣು ಕತ್ತಲಿಡುವವನು.

ಮಾಮ ವ್ಯಾನಿಗೆ ಓಡಿ ರೇಡಿಯೊ ಹಿಡಿದ.

"ಮ್ಯಾನೇಜರೇ, ಕಡ್ಡಿಗೆ ಹೇಳಿ, ಬೆಳ್ಳಿಕಾಗದ ಬಿಚ್ಚಬೇಡ ಅಂತ!"

"ಯಾಕೆ, ಅನ್ನ ಹಳಸಿದೆಯಾ?"

"ಅನ್ನ ಅಲ್ಲ ಅದು. ನಮ್ಮಮ್ಮನ ಹಲ್ಲು."

"ಎಷ್ಟು ಹಲ್ಲು?"

"ಅಷ್ಟೂ!"

ನಡುವೆ ಕಡ್ಡಿಯ ಏದುಸಿರು ಕೇಳಿತು. "ಮಾಮಾ, ಬಿಚ್ಚಾಯ್ತು. ನನ್ನ ನೋಡಿ ನಗ್ತಾ ಇದೆ."

"ಎಸೀಬೇಡ ಕಣೋ, ಕೈ ಮುಗೀತೀನಿ! ಜೇಬಲ್ಲಿಟ್ಕೊ!"

"ನಾನು ತಿನ್ನೋದೇನು? ಇನ್ನು ಇರೋದು ನಿಮ್ಮನೆ ಬೀಗದ ಕೈ, ಒಂದು ತಲೆನೋವಿನ ಮುಲಾಮು."

ಮ್ಯಾನೇಜರನ ಕಾರಿನಿಂದ ತಿನ್ನಲು ಕೊಡಬಹುದಿತ್ತು. ಆದರೆ ಅದು ಬೆಟ್ಟದ ಬುಡದಲ್ಲಿ, ಒಬ್ಬರ ಮೇಲೊಬ್ಬರು ಬಿದ್ದ ಹದಿನೈದು ಮಂದಿ ಸವಾರರ ಹಿಂದೆ ಸಿಕ್ಕಿಕೊಂಡಿತ್ತು. ಮಾಮ ಅಡ್ಡದಾರಿ ಹಿಡಿದು ಊರಿಗೆ ವ್ಯಾನು ಓಡಿಸಿದ. ಹಲ್ಲು ಮೊದಲು ಬರಬೇಕಾದರೆ ಕಡ್ಡಿ ಮೊದಲು ಬರಬೇಕು. ಕಡ್ಡಿ ಮೊದಲು ಬರಬೇಕಾದರೆ ಅವನ ಹೊಟ್ಟೆಗೆ ಏನಾದರೂ ಬೀಳಬೇಕು. ಬೀಳಬೇಕಾದದ್ದು ಮಾಮನ ಪಕ್ಕದ ಸೀಟಿನಲ್ಲಿ ಕೂತಿತ್ತು.

"ಹಲ್ಲು ಕಚ್ಚಿ ತುಳಿಯೋ!" ಎಂದು ಮ್ಯಾನೇಜರ್ ಕಿರುಚುವುದು ಕೇಳಿಸಿತು.

"ಯಾವ ಹಲ್ಲು, ಸಾರ್?" ಎಂದ ಕಡ್ಡಿ, ಸೋತ ದನಿಯಲ್ಲಿ.

ಅಮ್ಮ ವೇದಿಕೆಯ ಪಕ್ಕದ ಕುರ್ಚಿಯಲ್ಲಿ, ಇಸ್ತ್ರಿ ಮಾಡಿದ ಸೀರೆಯಲ್ಲಿ, ತುಟಿ ಬಿಗಿದು ಕೂತಿದ್ದರು. ಮಗನನ್ನು ಕಂಡು ಫೋನಿನಲ್ಲಿ ಬರೆದು ತೋರಿಸಿದರು. "ಎಲ್ಲಿ?"

"ಕಡ್ಡಿ ಜೇಬಲ್ಲಿದೆ, ಅಮ್ಮಾ."

"ಕಡ್ಡಿ ಎಲ್ಲಿ?"

"ಬೆಟ್ಟದ ಮೇಲೆ."

ಅಮ್ಮ ಫೋನನ್ನು ಮಡಿಲಲ್ಲಿ ಬೋರಲು ಹಾಕಿದರು.

ಅಷ್ಟರಲ್ಲಿ ಬೇರೆ ತಂಡದವನೊಬ್ಬ ಗೆದ್ದೇಬಿಟ್ಟ. ಅವನನ್ನು ವೇದಿಕೆಗೆ ಹತ್ತಿಸಿ ನಿಲ್ಲಿಸಿದರು. ಬ್ಯಾಂಡು ಬಾರಿಸಿ ಮುಗಿಯಿತು, ಮತ್ತೆ ಅದನ್ನೇ ಬಾರಿಸಿದರು. ಅಮ್ಮ ಹೂಗುಚ್ಛವನ್ನು ಬಾಯಿಗೆ ಅಡ್ಡ ಹಿಡಿದು ಅಲುಗಾಡದೆ ಕೂತರು.

"ಟೀಚರ್," ಎಂದು ಅಧ್ಯಕ್ಷ ಬಗ್ಗಿ ಹೇಳಿದ, "ಟೀವಿಯವರು ಕಾಯ್ತಿದ್ದಾರೆ..."

ಅಮ್ಮ ಒಂದು ಬೆರಳನ್ನು ಕೆಳಮುಖ ಮಾಡಿದರು. ಅಧ್ಯಕ್ಷ ಕೂತ. ಅವನು ಕೂತದ್ದನ್ನು ಕಂಡು ಉಪಾಧ್ಯಕ್ಷನೂ ಕೂತ, ಟೀವಿಯವನು ಕ್ಯಾಮೆರಾ ಇಳಿಸಿದ. ಮೇಲೆ ನಿಂತಿದ್ದ ಗೆದ್ದವನು ಗಾಳಿಗೆ ನಡುಗತೊಡಗಿದ.

ಹತ್ತೊಂಬತ್ತು ನಿಮಿಷದ ಮೇಲೆ ಕಡ್ಡಿ ಬಂದ. ಮುಖ ಸುಣ್ಣದಂತೆ ಬೆಳ್ಳಗಾಗಿತ್ತು. ಸೈಕಲ್ಲಿನಿಂದ ಇಳಿದನೆನ್ನುವುದಕ್ಕಿಂತ ಉದುರಿದನೆನ್ನಬೇಕು. ಮಾಮ ಅವನ ಜೇಬಿನಿಂದ ಪೊಟ್ಟಣ ಕಿತ್ತು, ಕೈಗೆ ಸಿಕ್ಕ ಬಾಟಲಿಯ ನಿಂಬೆ ಪಾನಕದಲ್ಲೇ ತೊಳೆದು ಓಡಿದ. ಅಮ್ಮ ಜಾಹೀರಾತಿನ ಹಲಗೆಯ ಹಿಂದೆ ತಿರುಗಿದರು. ಕಟಕ್ ಎಂದಿತು.

ಆಮೇಲೆ ನೆಟ್ಟಗೆ ವೇದಿಕೆ ಹತ್ತಿ, ಗೆದ್ದವನನ್ನು ಕಾಲಿಂದ ತಲೆಯವರೆಗೆ ನೋಡಿದರು.

"ಅಷ್ಟು ಬೇಗ ಬರೋಂಥ ಅವಸರ ಏನಿತ್ತಪ್ಪಾ ನಿಂಗೆ?"

ಅವನು ತಲೆ ತಗ್ಗಿಸಿದ. "ತಪ್ಪಾಯ್ತು, ಟೀಚರ್."

"ಇನ್ನೊಂದ್ಸಲ ಹೀಗ್ ಮಾಡ್ಬೇಡ," ಎಂದು ಹೂಗುಚ್ಛ ಕೊಟ್ಟರು.

ಕೆಳಗೆ ಟಾರಿನ ಮೇಲೆ ಕಾಲು ಚಾಚಿ ಕೂತಿದ್ದ ಕಡ್ಡಿ, ಮಾಮ ತಂದುಕೊಟ್ಟ ನಾಲ್ಕೂ ಅನ್ನದ ತುಂಡು ಮುಗಿಸಿದ. ಒಂದೊಂದನ್ನೂ ಬಿಚ್ಚುವ ಮೊದಲು ಹೆಬ್ಬೆರಳಿನಿಂದ ಒತ್ತಿ, ಮೆತ್ತಗಿದೆಯೆಂದು ಖಾತ್ರಿ ಮಾಡಿಕೊಂಡ.