ಗಾಳಿ ನಿಂತಾಗ ಮಾತ್ರ ಕೇಳುವ ಬಿರುಕು

“ಅತ್ತೆ, ನಿಂತ್ವು! ಬೇಗ ಬನ್ನಿ!”

ಮಾಳಿಗೆಯ ಮೇಲಿಂದ ಸೊಸೆ ಕೂಗುತ್ತಾಳೆ. ಸೂರ್ಯ ಇನ್ನೂ ಹುಟ್ಟಿಲ್ಲ. ಅರ್ಧ ಕುಡಿದ ಚಹದ ಲೋಟವನ್ನು ನೆಲಕ್ಕಿಟ್ಟು ಅತ್ತೆ ಎದ್ದೇ ಬಿಡುತ್ತಾರೆ. ನಿನ್ನೆ ಸಂಜೆ ಮಡಕೆ ಸುಡುವ ಆವಿಗೆಯಿಂದ ತೆಗೆದ ನಲವತ್ತು ಮಣ್ಣಿನ ಹರವಿಗಳು ಅಂಗಳದಲ್ಲಿ ಸಾಲಾಗಿ ಕೂತಿವೆ. ಒಂದೊಂದೂ ಎರಡು ಕೊಡ ನೀರು ಹಿಡಿಯುವಂಥದ್ದು. ಮೊದಲನೆಯದರ ಕತ್ತಿಗೆ, ಹೊಟ್ಟೆಗೆ, ಬುಡಕ್ಕೆ ಬೆರಳ ಗೆಣ್ಣಿನಿಂದ ಒಂದೊಂದು ಪೆಟ್ಟು. ಬಾಯಿಗೆ ಕಿವಿ. ಮುಂದಿನದು. ಗಂಡ ಕೆಮ್ಮಿದರೆ ಕಣ್ಣಲ್ಲೇ ಗದರುತ್ತಾರೆ.

ಮನೆಯ ಹಿಂದೆ ನಾನೂರು ಹೆಜ್ಜೆ ದೂರದಲ್ಲಿ ಗಾಳಿಯಂತ್ರದ ಮೂರು ರೆಕ್ಕೆಗಳು ಸುಮ್ಮನೆ ನಿಂತಿವೆ. ಎಷ್ಟು ಹೊತ್ತು ನಿಲ್ಲುತ್ತವೆ ಎಂದು ಯಾರೂ ಹೇಳಲಾರರು. ಹತ್ತು ನಿಮಿಷವಿರಬಹುದು, ಒಂದು ತಾಸಿರಬಹುದು.

ಊರಿನವರು ಈಕೆಯನ್ನು ಕರೆಯುವುದು ಕಿವಿಯಕ್ಕ ಎಂದು. ವಯಸ್ಸು ಐವತ್ತೆಂಟು. ತಿಗುರಿ ತಿರುಗಿಸಿ ಹರವಿ ಮಾಡುವುದು ಗಂಡನ ಕೆಲಸ. ಸುಟ್ಟದ್ದು ಗಟ್ಟಿಯೋ ಅಲ್ಲವೋ ಎಂದು ತಟ್ಟಿ ಹೇಳುವುದು ಮೂವತ್ತಾರು ವರ್ಷದಿಂದ ಹೆಂಡತಿಯ ಕೆಲಸ.

“ತಟ್ಟಿ ನೋಡೋದು ಅವರ ಕೈಲಿ ಆಗಲ್ಲ. ನಾನು ಕರೆದರೇ ಕೇಳಲ್ಲ, ಇನ್ನು ಬಿರುಕು ಕೇಳ್ತದಾ?”

“ಕೇಳ್ತದೆ, ಉತ್ತರ ಕೊಡಲ್ಲ ಅಷ್ಟೇ,” ಎನ್ನುತ್ತಾರೆ ಗಂಡ, ಮಣ್ಣು ತುಳಿಯುತ್ತಲೇ.

ಗಟ್ಟಿ ಹರವಿಯ ದನಿ ಎಳೆದುಕೊಂಡು ಹೋಗುತ್ತದೆ. ಒಡೆದದ್ದು ಬೊದ್ದೆನ್ನುತ್ತದೆ, ಅದನ್ನು ಯಾರು ಬೇಕಾದರೂ ಹೇಳಿಯಾರು. ಕಷ್ಟವೆಲ್ಲ ಕೂದಲೆಳೆಯಂಥ ಬಿರುಕಿನದು. ಕಣ್ಣಿಗೆ ಕಾಣದು. ದನಿಯೂ ಚೆನ್ನಾಗಿಯೇ ಹೊರಡುತ್ತದೆ, ಕೊನೆಯಲ್ಲಿ ಮಾತ್ರ ನೊಣ ಗುಂಯ್‌ಗುಟ್ಟಿದಂತೆ ಸಣ್ಣದೊಂದು ಅದುರು. ಅಷ್ಟೇ ಗುರುತು. ನೀರು ತುಂಬಿ ನೋಡಿದರೂ ತಿಳಿಯುವುದಿಲ್ಲ. ಹತ್ತು ದಿನ ಒಂದು ಹನಿಯೂ ಸೋರದೆ, ಹನ್ನೊಂದನೇ ದಿನ ಕೊಂಡವರ ಮನೆಯಲ್ಲಿ ಬಾಯಿ ಬಿಡುತ್ತದೆ.

ಮೂರು ವರ್ಷದ ಹಿಂದೆ ಊರಿನ ಸುತ್ತ ಮೂವತ್ತನಾಲ್ಕು ಗಾಳಿಯಂತ್ರದ ಕಂಬಗಳು ಎದ್ದವು. ಕಂಬ ನಿಂತ ಹೊಲದವರಿಗೆ ಬಾಡಿಗೆ ಬರುತ್ತದೆ. ಕಂಬದ ನೆರಳು ಬಿದ್ದ ಮನೆಯವರಿಗೆ ನೆರಳೊಂದೇ. ಬಿಸಿಲು ವಾಲಿದ ಮೇಲೆ ತಿರುಗುವ ರೆಕ್ಕೆಗಳ ನೆರಳು ಅಡುಗೆಮನೆಯ ಗೋಡೆಯನ್ನು ಬಡಿಯುತ್ತಲೇ ಇರುತ್ತದೆ. ಸೊಸೆ ತರಕಾರಿ ಹೆಚ್ಚುವಾಗ ಎರಡು ಸಲ ಬೆರಳು ಕೊಯ್ದುಕೊಂಡಿದ್ದಾಳೆ. ಜೊತೆಗೆ ಬಿಡದ ಗುಂಯ್. ಇದು ಶುದ್ಧ ವಿದ್ಯುತ್ತಂತೆ. ಇರಲಿ. ಆದರೆ ಅದರ ಕೊಳೆ ಹೊಗೆಯಾಗಿಯೇ ಬರಬೇಕೆಂದು ಯಾರು ಹೇಳಿದರು? ಇಲ್ಲಿ ಅದು ಕಿವಿಗೆ ಬರುತ್ತಿದೆ.

ಯಂತ್ರಗಳು ತಿರುಗಲು ಶುರುವಾದ ತಿಂಗಳೇ ಕಿವಿಯಕ್ಕ ಎಡವಿದರು. ಯಾವ ಹರವಿಗೆ ಕಿವಿಯಿಟ್ಟರೂ ಅದೇ ಅದುರು. ಬಿರುಕು ಬಿಟ್ಟದ್ದನ್ನು ಯಾರೂ ಕದ್ದು ಮಾರಬಾರದೆಂದು ಒಡೆದು ಹಾಕುವುದು ಈ ಮನೆಯ ಪದ್ಧತಿ. ಹಾಗೆ ಇಪ್ಪತ್ತೆರಡು ಹರವಿಗಳನ್ನು ಕೈಯಾರೆ ಒಡೆದರು. ಗಂಡ ಮಣ್ಣನ್ನು ಬೈದು, ದೂರದಿಂದ ಬೇರೆ ಮಣ್ಣು ತರಿಸಿದರು. ಅದರ ಹರವಿಗಳೂ ಗುಂಯ್. ಅವನ್ನೂ ಒಡೆಯಲು ಸುತ್ತಿಗೆ ಎತ್ತಿದ ದಿನ ದುರಸ್ತಿಗೆಂದು ಯಂತ್ರ ನಿಲ್ಲಿಸಿದ್ದರು. ಅಭ್ಯಾಸಬಲದಿಂದ ಇನ್ನೊಮ್ಮೆ ತಟ್ಟಿದರೆ, ಗಂಟೆಯಂಥ ದನಿ.

“ಗುಂಯ್ ಅಂತಿದ್ದದ್ದು ಹರವಿ ಅಲ್ಲ. ಕಂಬದ ಸದ್ದು ಅದರ ಹೊಟ್ಟೇಲಿ ತುಂಬ್ಕೊಂಡಿತ್ತು. ನಾನು ಒಡೆದು ಹಾಕಿದ್ದೆಲ್ಲ ಗಟ್ಟಿ ಮಾಲು! ಆವತ್ತು ಊಟ ಸೇರಲಿಲ್ಲ ನೋಡಿ.”

ಆಮೇಲೆ ಆ ಸದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತಟ್ಟಿ ನೋಡಿದರು. ಹಾಗೆ ಗಟ್ಟಿ ಎಂದು ಕೊಟ್ಟ ಒಂದು ಹರವಿ ಮೇಷ್ಟ್ರ ಮನೆಯಲ್ಲಿ ತುಂಬಿದ ನೀರಿನ ಸಮೇತ ಸೀಳಿಹೋಯಿತು. ಅಕ್ಕಿಯ ಚೀಲ, ಮಕ್ಕಳ ಪುಸ್ತಕ ಎಲ್ಲ ನೆಂದು ಮುದ್ದೆ. “ಮೇಷ್ಟ್ರ ಹೆಂಡತಿ ನನ್ನನ್ನ ಕೂರಿಸಿ ಚಹ ಕೊಟ್ರು. ಬೈದಿದ್ರೆ ಎಷ್ಟೋ ಚೆನ್ನಾಗಿತ್ತು.”

ಅಂದಿನಿಂದ ಗಾಳಿ ಸತ್ತಾಗ ಮಾತ್ರ ತಟ್ಟುತ್ತಾರೆ. ಮನೆಯಲ್ಲಿ ಯಾರಿಗೂ ನೆಮ್ಮದಿಯ ಕೂಳಿಲ್ಲ. ತುತ್ತು ಬಾಯಲ್ಲಿರುವಾಗಲೇ ಸೊಸೆ ಕಿಟಕಿಯಾಚೆ ರೆಕ್ಕೆ ನೋಡುತ್ತಾಳೆ. ಸ್ನಾನಕ್ಕೆ ಹೋದರೂ ಕಿವಿಯಕ್ಕ ಬಾಗಿಲಿನ ಚಿಲಕ ಹಾಕುವುದಿಲ್ಲ.

ಕಂಪನಿಗೆ ಅರ್ಜಿ ಕೊಟ್ಟಾಗ ಒಬ್ಬ ಅಧಿಕಾರಿ ಅಳತೆಯ ಡಬ್ಬಿ ಹಿಡಿದು ಬಂದಿದ್ದ. “ಸದ್ದು ಮಿತಿಯೊಳಗೇ ಇದೆ ಅಮ್ಮ,” ಅಂದ.

“ಯಾರ ಮಿತಿ ಸಾರ್? ಒಂದ್ಸಲ ಈ ಹರವಿ ಬಾಯಿಗೆ ಕಿವಿ ಇಡಿ.”

ಆತ ನಕ್ಕು, ಪ್ಯಾಂಟಿನ ಮಣ್ಣು ಕೊಡವಿಕೊಂಡು ಜೀಪು ಹತ್ತಿದ. ಕಿವಿ ಇಡಲಿಲ್ಲ. ಹರವಿಯ ಬಾಯಿಗೆ ಕಿವಿ ಇಡಲು ಮಂಡಿಯೂರಬೇಕು, ಅದು ಅವನಿಗೆ ಆಗದ ಕೆಲಸ.

ಇವತ್ತು ಗಾಳಿ ಮುಕ್ಕಾಲು ತಾಸು ಬಿಡುವು ಕೊಟ್ಟಿದೆ. ಇಪ್ಪತ್ತೊಂಬತ್ತು ಹರವಿ ಮುಗಿಯುವಷ್ಟರಲ್ಲಿ ರೆಕ್ಕೆ ಮೆಲ್ಲಗೆ ಹೊರಳುತ್ತದೆ. ಕಿವಿಯಕ್ಕ ಎತ್ತಿದ ಕೈ ಹಾಗೇ ಇಳಿಸುತ್ತಾರೆ. ಎರಡಕ್ಕೆ ಬಿರುಕು, ಇಪ್ಪತ್ತೇಳು ಗಟ್ಟಿ. ಹನ್ನೊಂದು ಉಳಿದವು. ಬಾಗಿಲಲ್ಲಿ ವ್ಯಾಪಾರಿಯ ಗಾಡಿ ಬಂದು ನಿಂತಿದೆ.

“ಅಕ್ಕಾ, ಆ ಹನ್ನೊಂದೂ ಹಾಕ್ಬಿಡಿ. ನೋಡೋಕೆ ಮದುಮಕ್ಕಳ ಥರ ಇವೆ.”

“ನೋಡೋಕೆ ನೀನೂ ಚೆನ್ನಾಗೇ ಇದ್ದೀಯ ತಮ್ಮಾ. ಹಾಗಂತ ನಿನ್ನ ಮಾತು ನಂಬ್ತೀನಾ?”

“ರೆಕ್ಕೆ ಯಾವಾಗ ನಿಲ್ಲುತ್ತೋ ಅಂತ ನಾನು ಕಾಯ್ತಾ ಕೂರಕ್ಕಾಗಲ್ಲ. ಇದೇ ಕೊನೆ. ಮುಂದಿನ ಸಲದಿಂದ ಪ್ಲಾಸ್ಟಿಕ್ ಡ್ರಮ್ ತಗೋತೀನಿ.”

ಗಂಡ ತುಳಿಯುವುದನ್ನು ನಿಲ್ಲಿಸಿ ಹೆಂಡತಿಯ ಮುಖ ನೋಡುತ್ತಾರೆ. ಸೊಸೆಯೂ ನೋಡುತ್ತಾಳೆ. ಈ ಮನೆಗೆ ಉಳಿದಿರುವ ದೊಡ್ಡ ಗಿರಾಕಿ ಇವನೊಬ್ಬನೇ.

“ತಗೋಪ್ಪಾ,” ಎನ್ನುತ್ತಾರೆ ಕಿವಿಯಕ್ಕ. “ಡ್ರಮ್ಮಾದ್ರೆ ತಟ್ಟಿ ನೋಡೋ ಕೆಲಸಾನೂ ಇಲ್ಲ.”

ಇಪ್ಪತ್ತೇಳನ್ನು ಹೇರಿಕೊಂಡು ಗಾಡಿ ಹೋಗುತ್ತದೆ. ಕಂಬ ಕೀಳಿ ಎಂದು ಈಕೆ ಎಂದೂ ಕೇಳಿಲ್ಲ. ಆವಿಗೆ ತೆಗೆದ ಮರುದಿನ, ಅಂದರೆ ತಿಂಗಳಿಗೆ ಎರಡು ಬೆಳಗ್ಗೆ, ಹಿಂದಿನ ಆ ಒಂದು ಯಂತ್ರವನ್ನು ಒಂದು ತಾಸು ನಿಲ್ಲಿಸಿಕೊಡಿ ಎಂಬುದಷ್ಟೇ ಅರ್ಜಿ. ಸದ್ದು ಅಳೆದು ಹೋದದ್ದಷ್ಟೇ, ಅದಕ್ಕೆ ಉತ್ತರ ಬಂದಿಲ್ಲ.

ಹನ್ನೊಂದು ಹರವಿಗಳನ್ನು ಒಂದೊಂದಾಗಿ ಗೋಡೆಯ ಬದಿಗೆ ಸರಿಸಿ ಗೋಣಿ ಹೊದಿಸುತ್ತಾರೆ. ಇವುಗಳಲ್ಲಿ ಎಷ್ಟು ಒಡೆದಿರಬಹುದು ಎಂದು ಕೇಳಿದರೆ ತಿರುಗಿ ನೋಡುತ್ತಾರೆ.

“ಒಡೆದಿವೆ ಅಂತಾನೂ ಹೇಳಲ್ಲ, ಗಟ್ಟಿ ಅಂತಾನೂ ಹೇಳಲ್ಲ. ಇವುಗಳ ದನಿ ನಾನಿನ್ನೂ ಕೇಳಿಲ್ಲ.”